ಆರನೆಯ ರಿಂಗು

ನಮ್ಮ ಮನೆಯವರು ಮೊದಲ ಸಲ ನಮ್ಮ ಅಂಗಡಿಗೆ ಬಂದಾಗ ಕೇಳಿದ್ದು ಪರದೆಯ ಹಿಂಭಾಗವನ್ನು. "ರಿಂಗು ಹೇಗೆ ಹೊಲೀತೀರಿ, ಸ್ವಲ್ಪ ತೋರಿಸ್ತೀರಾ?" ಎಂದರು. ಪರದೆ ಹೊಲಿಯುವ ಆ ಅಂಗಡಿ ಆಗ ನಮ್ಮಪ್ಪನದು. ನಾನು ಮಿಷನ್ ಮುಂದೆ ಕೂತಿದ್ದೆ. ಗಿರಾಕಿ ಎಂದರೆ ಮುಂಭಾಗ ನೋಡುತ್ತಾನೆ, ಬಣ್ಣ ನೋಡುತ್ತಾನೆ, ಬೆಲೆ ಕೇಳಿ ಎದೆ ಹಿಡಿದುಕೊಳ್ಳುತ್ತಾನೆ. ಹಿಂಭಾಗ ಕೇಳಿದವರು ಇವರೊಬ್ಬರೇ. ತೋರಿಸಿದೆ. ಜೇಬಿನಿಂದ ಪೆನ್ಸಿಲ್ ತೆಗೆದು ಅಲ್ಲೇ ಬಿದ್ದಿದ್ದ ರದ್ದಿ ಕಾಗದದ ಮೇಲೆ ಚಿತ್ರ ಬರೆದುಕೊಂಡರು. ರಿಂಗು ಬಂತು, ಪಟ್ಟಿ ಬಂತು, ದಾರದ ಗಂಟು ಬಂತು, ಕೊನೆಗೆ ನನ್ನ ಬೆರಳೂ ಬಂತು. ಬೆರಳು ಬರೆಯಿರಿ ಎಂದು ನಾನೇನೂ ಹೇಳಿರಲಿಲ್ಲ.

ಆಮೇಲೆ ಬರುತ್ತಲೇ ಇದ್ದರು. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕತ್ತರಿ ಮಾಮ ನಮ್ಮಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದನಂತೆ: "ಅಣ್ಣಾ, ಈ ಹುಡುಗನ ಮನೇಲಿ ಕಿಟಕಿ ಎಷ್ಟಿವೆ ಅಂತ ವಿಚಾರಿಸು. ಇಷ್ಟು ಸಲ ಪರದೆ ನೋಡೋಕೆ ಬರಬೇಕಾದ್ರೆ ಒಂದೋ ಅರಮನೆ ಇರಬೇಕು, ಇಲ್ಲಾ ತಲೆಯಲ್ಲಿ ಬೇರೇನೋ ಇರಬೇಕು."

ಅರಮನೆ ಇರಲಿಲ್ಲ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಇಕ್ಕಟ್ಟಿನ ಮನೆ, ಒಂದು ಕೋಣೆ ದಾಟಿಕೊಂಡೇ ಇನ್ನೊಂದಕ್ಕೆ ಹೋಗಬೇಕು. ಆ ಎರಡರ ನಡುವೆ ಕದವಿಲ್ಲದ ಬಾಗಿಲು, ಅದಕ್ಕೊಂದು ಪರದೆ. ಅಲ್ಲಿಗೇ ಮದುವೆಯಾಗಿ ಹೋದೆ.

ಇವರು ಒಂದು ವಾರಪತ್ರಿಕೆಗೆ ಮಕ್ಕಳ ಚಿತ್ರಕಥೆ ಬರೆಯುತ್ತಿದ್ದರು. ಹೆಸರು ಗಾಳಿವೀರ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಗಾಳಿವೀರ ಹಗಲು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಗುಮಾಸ್ತ, ಮೇಲಧಿಕಾರಿಯ ಹತ್ತಿರ ದಿನಾ ಬೈಸಿಕೊಳ್ಳುತ್ತಾನೆ. ಯಾರಿಗಾದರೂ ಆಪತ್ತು ಬಂತೋ, ಮನೆಗೆ ಓಡಿ, ಬಾಗಿಲಿನ ಪರದೆಯನ್ನೇ ಹೆಗಲಿಗೆ ಕಟ್ಟಿಕೊಂಡು ಹಾರುತ್ತಾನೆ. ಹಾರುವಾಗ ಪರದೆಯ ರಿಂಗುಗಳು ಕಿಣಿಕಿಣಿ ಅನ್ನುತ್ತವೆ. ಮಕ್ಕಳ ಬಾಯಲ್ಲಿ ಅವನ ಹೆಸರೇ ಕಿಣಿಕಿಣಿ ಆಗಿತ್ತು. ಆ ಪರದೆಯಲ್ಲಿ ರಿಂಗು ಹೊಲಿದ ಜಾಗ ಆರು, ರಿಂಗು ಮಾತ್ರ ಐದು. ಕೊನೆಯ ಜಾಗದಲ್ಲಿ ಹರಿದ ದಾರ ನೇತಾಡುತ್ತಿರುತ್ತದೆ.

ಅವನಿಗೊಬ್ಬ ಅಣ್ಣ. ಚಿಕ್ಕಂದಿನಲ್ಲಿ ಪರದೆ ಕಿತ್ತು ತಮ್ಮನ ಹೆಗಲಿಗೆ ಕಟ್ಟಿ "ಹಾರೋ" ಅಂದವನು. ದೊಡ್ಡವನಾದ ಮೇಲೆ ಮನೆ ಬಿಟ್ಟು ಹೋದ. ಗಾಳಿವೀರ ಹಾರುವುದು ಆ ಅಣ್ಣನನ್ನು ಹುಡುಕಲು. ದಾರಿಯಲ್ಲಿ ಸಿಕ್ಕವರನ್ನು ಕಾಪಾಡುತ್ತಾನೆ, ಅಷ್ಟೇ. ಅಣ್ಣನ ಮುಖವನ್ನು ಇವರು ಒಂದು ಸಲವೂ ಬರೆಯಲಿಲ್ಲ. ಬರೆದದ್ದೆಲ್ಲ ಬೆನ್ನು.

ಮೊದಲ ವಾರ ಮುದ್ರಣಾಲಯದವರು, ಚಿತ್ರ ಬರೆದವರೇ ಒಂದು ರಿಂಗು ಮರೆತಿದ್ದಾರೆಂದು, ಆರನೆಯದನ್ನು ತಾವೇ ಸೇರಿಸಿ ಅಚ್ಚು ಹಾಕಿಬಿಟ್ಟರಂತೆ. ಯಾರ ಹತ್ತಿರವೂ ದನಿ ಏರಿಸದ ಮನುಷ್ಯ ಅವತ್ತು ಅಲ್ಲಿ ಹೋಗಿ ಮೇಜು ಗುದ್ದಿದರಂತೆ. ನನಗೆ ಈ ಕಥೆ ಹೇಳಿದ್ದು ಅತ್ತೆ. "ನಿನ್ನ ಭಾವನ ವಿಷಯಕ್ಕೆ ಬಂದ್ರೆ ಇವನು ಹೀಗೇ" ಎಂದರು.

ಭಾವ ಎಂದರೆ ಇವರ ಸ್ವಂತ ಅಣ್ಣ. ಚಿಕ್ಕ ತಮ್ಮನಿಗೆ ಹಾರುವ ಆಸೆ ಎಂದು ಪರದೆ ತೂಗುವ ಸರಳಿನ ಒಂದು ತುದಿಯನ್ನು ಗೋಡೆಯ ಕೊಕ್ಕೆಯಿಂದ ಎತ್ತಿ, ಪರದೆಯನ್ನು ಸರ್ರನೆ ಎಳೆದದ್ದು ಅವರೇ. ಪರದೆ ಹೊಲಿಯುವವರ ಮನೆಯಲ್ಲಿ ಹುಟ್ಟಿದ್ದರೆ ಹಾಗೆ ಎಳೆಯುತ್ತಿರಲಿಲ್ಲ. ನಾವು ಪರದೆ ತೂಗುಹಾಕುವಾಗ ಕೊನೆಯ ರಿಂಗನ್ನು ಕೊಕ್ಕೆಯ ಆಚೆ ಹಾಕುತ್ತೇವೆ. ಇಲ್ಲದಿದ್ದರೆ ಸರಿಸಿದಾಗಲೆಲ್ಲ ಇಡೀ ಪರದೆ ಒಂದೇ ಕಡೆ ಬಂದು ಮುದುರಿಕೊಳ್ಳುತ್ತದೆ. ಇನ್ನೊಂದು ತುದಿಯಲ್ಲಿ ಕೊಕ್ಕೆಯ ಆಚೆ ಸಿಕ್ಕಿಕೊಂಡ ಆ ರಿಂಗು ಎಳೆದರೆ ಬರುವುದಿಲ್ಲ, ದಾರ ಹರಿಯುತ್ತದೆ. ಹಾಗೇ ಆಯಿತು. ಐದು ರಿಂಗು ಪರದೆಯ ಜೊತೆ ಬಂದವು, ಒಂದು ಸರಳಿನಲ್ಲೇ ಉಳಿಯಿತು.

ಭಾವ ದೊಡ್ಡವರಾದ ಮೇಲೆ ಅಪ್ಪನ ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೂರಲು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. ಒಂದು ಬೆಳಿಗ್ಗೆ ಎದ್ದು ಹೋದವರು ತಿರುಗಿ ಬರಲಿಲ್ಲ. ಹಾಲು ತರಲು ಹೋಗುತ್ತಿದ್ದಾನೆಂದುಕೊಂಡು ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ.

ನಾನು ವ್ಯವಹಾರದ ಹೆಂಗಸು. ಅಪ್ಪನ ನಂತರ ಅಂಗಡಿ ನನ್ನ ಕೈಗೆ ಬಂತು, ಬೆಳೆಯಿತು. ದೊಡ್ಡ ಮನೆಗೆ ಹೋಗೋಣ ಎಂದರೆ ಇವರು "ಹೋಗೋಣ ಹೋಗೋಣ" ಎನ್ನುವರು, ಹೋಗುವುದಿಲ್ಲ. ಕೊನೆಗೆ ಒಂದು ದಿನ ಬಾಯಿಬಿಟ್ಟರು: "ಅಣ್ಣನಿಗೆ ಗೊತ್ತಿರೋ ವಿಳಾಸ ಇದೊಂದೇ ಕಣೇ." ಸ್ನಾನದ ಮನೆಯ ಗೋಡೆ ಹಸಿ, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು. ಆದರೂ ಅಲ್ಲೇ ಇದ್ದೇವೆ. ನಾನು ಜಗಳವಾಡಿದೆ, ಕಣ್ಣೀರು ಹಾಕಿದೆ, ಆಮೇಲೆ ಬಿಟ್ಟುಬಿಟ್ಟೆ. ಒಂದು ಮಾತನ್ನು ಮಾತ್ರ ಹಟಕ್ಕೆ ಬಿದ್ದವಳ ಹಾಗೆ ಕೇಳದೇ ಉಳಿದೆ. ಭಾವ ನೋಡಲು ಹೇಗಿದ್ದರು ಎಂದು ಕೇಳಲಿಲ್ಲ. ಕೇಳಿದರೆ ನಾನೂ ಕಾಯಲು ಶುರುಮಾಡಿದ ಹಾಗೆ. ಮನೆಗೆ ಒಬ್ಬರು ಕಾದರೆ ಸಾಕು ಅನ್ನಿಸಿತ್ತು.

ವಾರಪತ್ರಿಕೆ ಮುಚ್ಚಿತು. ಅಣ್ಣ ಸಿಗದೆಯೇ ಚಿತ್ರಕಥೆ ನಿಂತಿತು. ಗಾಳಿವೀರ ಮಾತ್ರ ಸುಮ್ಮನೆ ಮನೆಯಲ್ಲಿ ಕೂರಲಿಲ್ಲ. ರೇಡಿಯೋದವರು ಕರೆದೊಯ್ದು ಅವನನ್ನು ವಕೀಲನನ್ನಾಗಿ ಮಾಡಿದರು. ರೇಡಿಯೋದಲ್ಲಿ ಮಾತು ಹೆಚ್ಚು ಬೇಕಲ್ಲ, ಅದಕ್ಕೆ. ಟೀವಿಯವರು ಅವನನ್ನು ಬೇರೆ ಗ್ರಹದ ರಾಜಕುಮಾರ ಎಂದರು. ಪರದೆ ಹೋಗಿ ಮಿಂಚುವ ಉಡುಪು ಬಂತು, ರಿಂಗುಗಳಿಂದ ಬೆಂಕಿ ಬಂತು. ನಾಟಕದವರು ಅವನಿಗೆ ಒಬ್ಬಳು ಹೆಂಡತಿಯನ್ನೂ ಜಗಳಗಂಟಿ ಅತ್ತೆಯನ್ನೂ ಕೊಟ್ಟರು. ಹಗ್ಗ ಕಟ್ಟಿ ಹಾರಿಸುವಾಗ ನಟನ ಪೈಜಾಮ ಜಾರಿತು, ಇವರು ನಕ್ಕೂ ನಕ್ಕೂ ಕೆಮ್ಮಿದರು.

ನನಗೆ ಕೋಪ ಬರುತ್ತಿತ್ತು. "ನಿಮ್ಮ ಕೂಸನ್ನ ಹೀಗೆ ಗುರುತು ಸಿಗದ ಹಾಗೆ ಮಾಡಿದಾರಲ್ರೀ" ಎಂದರೆ, "ಬಿಡೇ. ಬೆಳೆದ ಮಗ ಹೊರಗೆ ಹೋಗಿ ಯಾವ ಅಂಗಿ ಹಾಕ್ಕೋತಾನೆ ಅಂತ ಅಪ್ಪ ಬೆನ್ನಟ್ಟಿ ನೋಡೋಕಾಗತ್ತಾ?" ಎನ್ನುತ್ತಿದ್ದರು. ಆ ನಗು ಸುಳ್ಳಲ್ಲ. ಅದಕ್ಕೊಂದು ಕಾರಣವಿತ್ತೆಂದು ನನಗೆ ತಿಳಿದದ್ದು ತಡವಾಗಿ. ಆ ಎಲ್ಲ ಅವತಾರಗಳಲ್ಲೂ ಅಣ್ಣ ಇರಲೇ ಇಲ್ಲ. ಅವನನ್ನು ಕೈಬಿಟ್ಟಿದ್ದರು. ಕಥೆಯಿಂದ ಕೈಬಿಟ್ಟವನು ಸತ್ತವನಲ್ಲ, ಎಲ್ಲೋ ಇರಬಹುದು.

ಈಗ ಬಂದದ್ದು ಸಿನಿಮಾ. ನಿರ್ದೇಶಕಿ ತಾನೇ ಫೋನ್ ಮಾಡಿ ಕರೆದಳು. ನಾವಿಬ್ಬರೂ ಹೋದೆವು. ಎತ್ತರದ ಕಟ್ಟಡ, ಗಾಜಿನ ಕೋಣೆ, ಕಿಟಕಿಗೆ ಬಟ್ಟೆಯ ಪರದೆಯಿಲ್ಲ, ಪ್ಲಾಸ್ಟಿಕ್ ಪಟ್ಟಿಗಳು. ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಹುಡುಗಿಗೆ ಮೂವತ್ತರ ಮೇಲಿರಬೇಕು, ಕನ್ನಡಕ, ಗಿಡ್ಡ ಕೂದಲು. ಇವರನ್ನು ಕಂಡವಳೇ ಎದ್ದು ಕೈ ಹಿಡಿದುಕೊಂಡು, ಹಿಡಿದದ್ದನ್ನು ಬಿಡಲು ಮರೆತಳು.

ಗೋಡೆಯ ತುಂಬ ಚಿತ್ರ ಅಂಟಿಸಿದ್ದರು. ಅವಳ ಗಾಳಿವೀರ ಆಂಬುಲೆನ್ಸ್ ಡ್ರೈವರ್. "ಚೆನ್ನಾಗಿದೆ" ಎಂದರು ಇವರು, ಮನಸ್ಸಿಟ್ಟೇ. "ಅಂಚೆ ಗುಮಾಸ್ತನಿಗಿಂತ ಬೇಗ ತಲುಪ್ತಾನೆ."

ಅವಳು ನಕ್ಕಳು. ಆಮೇಲೆ ಕಥೆ ಹೇಳಿದಳು. ಈ ಸಲ ಅಣ್ಣ ಇದ್ದಾನೆ. ಚಿಕ್ಕಂದಿನ ಪರದೆ ಇದೆ. ಆರು ರಿಂಗೂ ಪರದೆಯ ಜೊತೆ ಬರುತ್ತವೆ, ಒಂದನ್ನು ಅಣ್ಣ ಇಟ್ಟುಕೊಳ್ಳುತ್ತಾನೆ. ಮುಂದೆ ಒಂದು ಸೇತುವೆ ಕುಸಿಯುತ್ತದೆ. ಒಂದು ಕಡೆ ಜನ ತುಂಬಿದ ಬಸ್ಸು, ಇನ್ನೊಂದು ಕಡೆ ಅಣ್ಣ. ಗಾಳಿವೀರ ಬಸ್ಸನ್ನು ಹಿಡಿಯುತ್ತಾನೆ. ಅಣ್ಣ ಸಾಯುವಾಗ ಆರನೆಯ ರಿಂಗನ್ನು ತಮ್ಮನ ಅಂಗೈಯಲ್ಲಿ ಇಡುತ್ತಾನೆ.

ಇವರು ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ಮಗೂ, ಉಳಿದದ್ದು ಏನು ಬೇಕಾದ್ರೂ ಮಾಡ್ಕೋ. ಅವನಿಗೆ ರೆಕ್ಕೆ ಹಚ್ಚು, ಕೊಂಬು ಹಚ್ಚು. ಅಣ್ಣನನ್ನ ಮಾತ್ರ ಸಾಯಿಸಬೇಡ."

"ಯಾಕೆ ಸರ್?"

"ಅವನು ಎಲ್ಲಾದ್ರೂ ಕೂತು ಈ ಸಿನಿಮಾ ನೋಡಬಹುದು. ತಮ್ಮ ನನ್ನ ಪಾಲಿನ ಎಳ್ಳುನೀರು ಬಿಟ್ಟಾಯ್ತು ಅಂದ್ಕೋತಾನೆ. ಆಮೇಲೆ ಯಾಕೆ ಬರ್ತಾನೆ?"

ಆ ಹುಡುಗಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದಳು. ಇವರ ಅಣ್ಣನ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಇವರೇ ಎರಡು ಮಾತಿನಲ್ಲಿ ಹೇಳಿದರು.

ಕೇಳಿದ ಮೇಲೂ ಅವಳು ತಲೆಯಾಡಿಸಲಿಲ್ಲ. ಮೆತ್ತಗೆ ಹೇಳಿದಳು: "ಸರ್, ಸಿಟ್ಟು ಮಾಡ್ಕೋಬೇಡಿ. ನಮ್ಮಮ್ಮ ತೀರಿಹೋದಾಗ ನಾನು ಚಿಕ್ಕವಳು. ಅಮ್ಮ ಊರಿಗೆ ಹೋಗಿದಾಳೆ, ಬರ್ತಾಳೆ ಅಂದ್ರು. ಯಾರೂ ನಿಜ ಹೇಳ್ಲಿಲ್ಲ. ಆಗ ನಿಮ್ಮ ಕಥೆ ಓದ್ತಿದ್ದೆ. ಪ್ರತಿ ವಾರ ಕಿಣಿಕಿಣಿಗೆ ಅಣ್ಣ ಸಿಕ್ಕಿದ್ರೆ ನನಗೆ ಅಮ್ಮ ಸಿಗ್ತಾಳೆ ಅಂತ ಲೆಕ್ಕ ಹಾಕ್ತಿದ್ದೆ. ಸಿಗಲಿಲ್ಲ. ಪತ್ರಿಕೆನೇ ನಿಂತುಹೋಯ್ತು. ನನ್ನ ಸಿನಿಮಾ ನೋಡೋ ಯಾವ ಮಗೂನೂ ಹಾಗೆ ಕಾಯಬಾರದು ಸರ್. ಹೋದವರು ಹೋದರು ಅಂತ ಹೇಳಿಬಿಡಬೇಕು. ಅದೇ ದಯೆ."

ಇವರು ಎದ್ದಾಗ ಅವಳ ತಲೆಯ ಮೇಲೆ ಕೈಯಿಟ್ಟರು, ಅಷ್ಟೇ. ಹಕ್ಕುಗಳನ್ನೆಲ್ಲ ಹಿಂದೆಯೇ ಪತ್ರಿಕೆಯವರಿಗೆ ಬರೆದುಕೊಟ್ಟಾಗಿತ್ತು. ಬೇಡ ಎನ್ನಬಹುದಿತ್ತು, ತಡೆಯುವ ಹಾಗಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಇರಲಾಗಲಿಲ್ಲ.

"ಆ ಹುಡುಗಿ ಹೇಳಿದ್ರಲ್ಲಿ ತಪ್ಪೇನಿದೆ?" ಎಂದೆ.

"ಏನಂದೆ?"

"ಸಿನಿಮಾದಲ್ಲಾದ್ರೂ ಹೋದ್ರು ಅಂತಾಗ್ಲಿ. ಒಂದು ಸಲ ಅತ್ತು, ಮುಖ ತೊಳ್ಕೊಂಡು, ನೀವೂ ನಾನೂ ಬಿಸಿಲು ಬೀಳೋ ಮನೇಲಿ ಇರೋಣ. ನನಗೂ ಮಂಡಿ ನೋವು ರೀ. ಆ ಓಣಿ ಮೆಟ್ಟಿಲು ನನ್ನ ಕೈಲಾಗಲ್ಲ."

ಇವರು ಕಿಟಕಿಯ ಕಡೆ ತಿರುಗಿದರು. ನಮ್ಮ ನಿಲ್ದಾಣ ಬಂದಾಗ ಎಂದಿನಂತೆ ನನ್ನ ಚೀಲ ಹಿಡಿದುಕೊಂಡರು, ಎಂದಿನಂತೆ ಮೆಟ್ಟಿಲಲ್ಲಿ ಕೈ ಕೊಟ್ಟರು. ಮಾತು ಮಾತ್ರ ಇಲ್ಲ. ಆಮೇಲೆ ಎಷ್ಟೋ ದಿನ ಊಟಕ್ಕೆ ಕರೆದರೆ ಬರುವರು, ಉಪ್ಪು ಕಡಿಮೆ ಎಂದು ಕೂಡ ಹೇಳರು. ಗಂಡಸು ಅಡುಗೆಗೆ ಹೆಸರಿಡುವುದನ್ನು ನಿಲ್ಲಿಸಿದರೆ ಮನೆಯಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ.

ಹೀಗಿರುವಾಗ ಸಿನಿಮಾದ ಉಡುಪಿನ ಮೇಷ್ಟ್ರು ಅಂಗಡಿಗೆ ಬಂದರು. ಚಿಕ್ಕಂದಿನ ದೃಶ್ಯಕ್ಕೆ ಹಳೇ ಕಾಲದ ಪರದೆ ಬೇಕಂತೆ. ಹಿತ್ತಾಳೆ ರಿಂಗು, ಕೈಹೊಲಿಗೆ. ಸಿದ್ಧ ಪರದೆ ಮಾರುವವರ ಹತ್ತಿರ ಎಲ್ಲವೂ ಬಟ್ಟೆಗೇ ತೂತು ಹೊಡೆದು ರಿಂಗು ಕೂರಿಸಿದ್ದು. "ಆರೂ ರಿಂಗು ಗಟ್ಟಿಯಾಗಿರ್ಲಿ ಅಮ್ಮಾ. ಹುಡುಗ ಎಳೆದ್ರೆ ಸೀದಾ ಬರಬೇಕು" ಎಂದರು. ನಾನು ಒಪ್ಪಿಕೊಂಡೆ.

ಕತ್ತರಿ ಮಾಮನಿಗೆ ಈಗ ಕಣ್ಣು ಮಂಜು, ಆದರೂ ದಿನಾ ಬಂದು ಕೂರುತ್ತಾನೆ. ಬಟ್ಟೆ ಕತ್ತರಿಸುವುದಿಲ್ಲ, ನಮ್ಮನ್ನು ಕತ್ತರಿಸುತ್ತಾನೆ.

"ಏನವ್ವಾ, ನೀನು ಯಾರ ಕಡೆ? ಗಂಡನ ಕಡೇನೋ ಸಿನಿಮಾ ಕಡೇನೋ?"

"ಪರದೆ ಕಡೆ ಮಾಮ."

"ಜಾಣೆ. ನಿಮ್ಮಪ್ಪನೂ ಹೀಗೇ. ಮನೆ ಹೊತ್ತಿ ಉರೀತಿದ್ರೂ ಅಂಚು ಮಡಿಸಿದ್ಯಾ ಅಂತ ಕೇಳೋನು."

"ಅಂಚು ಮಡಿಸದೇ ಇದ್ರೆ ನೀನೇ ಬೈತಿದ್ದೆಯಲ್ಲ."

"ಬೈತಿದ್ದೆ ಬಿಡು. ಅಳಿಯಂದ್ರಿಗೆ ಹೇಳಿದ್ಯಾ?"

ಹೇಳಿರಲಿಲ್ಲ. ಸಂಜೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಇವರು ಮೇಜಿನ ಮೇಲಿದ್ದ ಬಟ್ಟೆಯನ್ನು ಬೆರಳಿನಲ್ಲಿ ಉಜ್ಜಿ ನೋಡಿದರು. "ನಮ್ಮದು ಇದಕ್ಕಿಂತ ಸ್ವಲ್ಪ ಒರಟಿತ್ತು. ನಶ್ಯದ ಬಣ್ಣ. ಕೆಳಗೆ ಒಂದು ಕಡೆ ಇಸ್ತ್ರಿ ಸುಟ್ಟ ಗುರುತು" ಎಂದರು. ಎಷ್ಟೋ ದಿನದ ಮೇಲೆ ಆಡಿದ ಮಾತು. ನಾನು ಮಾರನೆಯ ದಿನ ನಶ್ಯದ ಬಣ್ಣದ ಒರಟು ಬಟ್ಟೆ ತಂದೆ. ಇಸ್ತ್ರಿಪೆಟ್ಟಿಗೆ ಕಾಯಿಸಿ, ಒಳ್ಳೆಯ ಬಟ್ಟೆಯನ್ನು ಕೈಯಾರೆ ಸುಟ್ಟೆ. ನಮ್ಮಪ್ಪ ಇದ್ದಿದ್ದರೆ ಅಂಗಡಿಯಿಂದ ಹೊರಗೆ ಹಾಕುತ್ತಿದ್ದ.

ಪರದೆ ತೂಗುಹಾಕಲು ನಾನೇ ಹೋಗಬೇಕಾಯಿತು, ಇವರೂ ಜೊತೆಗೆ ಬಂದರು. ದೊಡ್ಡ ಗೋದಾಮಿನೊಳಗೆ ಹಲಗೆಯಲ್ಲಿ ಮನೆ ಕಟ್ಟಿದ್ದರು. ಮುಂದಿನಿಂದ ಗೋಡೆ, ಹಿಂದೆ ಹೋದರೆ ಬರೀ ಕಂಬ ಮತ್ತು ಮೊಳೆ. ಎರಡು ಕೋಣೆ, ನಡುವೆ ಬಾಗಿಲು. ಇವರು ಹೊಸ್ತಿಲಲ್ಲಿ ನಿಂತು ಒಳಗೆ ಕಾಲಿಡದೆ ನೋಡಿದರು. "ಅಡುಗೆಮನೆ ಈ ಕಡೆ ಇರಬೇಕಿತ್ತು" ಎಂದರು. ಯಾರಿಗೂ ಕೇಳಿಸಲಿಲ್ಲ.

ಏಣಿ ಹತ್ತಿ ಪರದೆ ತೂಗುಹಾಕಿದೆ, ಇಳಿದು ಬಂದೆ. ಅಣ್ಣನ ಪಾತ್ರದ ಹುಡುಗ ಸ್ಟೂಲಿನ ಮೇಲೆ ಹತ್ತಿದ. ಸರಳಿನ ಒಂದು ತುದಿ ಎತ್ತಿದ, ಎಳೆದ. ಪರದೆ ಸರ್ರನೆ ಬಂತು. ಕೊನೆಯಲ್ಲಿ ಚರ್ ಅಂತ ದಾರ ಹರಿಯಿತು. ಹುಡುಗ ಪರದೆ ತಬ್ಬಿಕೊಂಡು ನಿಂತಿದ್ದ. ಮೇಲೆ, ಕೊಕ್ಕೆಯ ಆಚೆ, ಒಂದು ರಿಂಗು ಸುಮ್ಮನೆ ಓಲಾಡುತ್ತಿತ್ತು.

"ಕಟ್! ಕಟ್!" ಎಂದಳು ನಿರ್ದೇಶಕಿ. "ಏನಮ್ಮಾ ಇದು, ಗಟ್ಟಿಯಾಗಿ ಹೊಲೀರಿ ಅಂದಿದ್ನಲ್ಲ!" ಉಡುಪಿನ ಮೇಷ್ಟ್ರು ಓಡಿ ಬಂದರು. ನನ್ನ ಮುಖ ಬಿಸಿಯಾಯಿತು. ಹೊಲಿಗೆ ಗಟ್ಟಿಯೇ ಇತ್ತು. ತಪ್ಪು ತೂಗುಹಾಕಿದ್ದರಲ್ಲಿ. ಬೇಕೆಂದೇ ಮಾಡಿದೆಯಾ ಎಂದು ಆಮೇಲೆ ಕತ್ತರಿ ಮಾಮ ಕೇಳಿದ, ಇವರೂ ಕೇಳಿದರು. ಇಲ್ಲ. ಎಳೆಯುವ ಪರದೆ ಎಂಬುದೇ ನೆನಪಾಗಲಿಲ್ಲ. ಜೀವಮಾನವಿಡೀ ಜನರ ಮನೆಗೆ ಹಾಕಿದ ಹಾಗೆ ಕೈ ತನ್ನ ಪಾಡಿಗೆ ಕೊನೆಯ ರಿಂಗನ್ನು ಕೊಕ್ಕೆಯ ಆಚೆ ಹಾಕಿಬಿಟ್ಟಿತ್ತು.

"ಇನ್ನೊಂದು ಪರದೆ ಇದೆಯಾ?" ಎಂದು ಯಾರೋ ಕೂಗಿದರು. ಅಷ್ಟರಲ್ಲಿ ಇವರು ದೀಪಗಳ ನಡುವೆ ದಾಟಿ ಆ ಸುಳ್ಳು ಮನೆಯೊಳಗೆ ನಡೆದುಹೋಗಿದ್ದರು. ಸ್ಟೂಲಿನ ಪಕ್ಕ ನಿಂತು ಕತ್ತೆತ್ತಿ ಆ ರಿಂಗನ್ನೇ ನೋಡುತ್ತಿದ್ದರು.

ನಿರ್ದೇಶಕಿ ಮೆಲ್ಲಗೆ ಹತ್ತಿರ ಹೋದಳು. "ಸರ್, ಅವತ್ತೂ ಹೀಗೇನಾ ಆಗಿದ್ದು?"

"ಹೀಗೇ."

"ಆಮೇಲೆ?"

"ಅಮ್ಮ ಅದನ್ನ ತೆಗೀಲಿಲ್ಲ. ಹೊಸ ಪರದೆ ಬಂದ್ರೂ ಅದು ಅಲ್ಲೇ ಇತ್ತು. ನಾವು ದೊಡ್ಡವರಾದ್ರೂ ಇತ್ತು." ಇವರು ಬಾಗಿಲ ಚೌಕಟ್ಟಿಗೆ ಕೈಯಿಟ್ಟರು. "ಅಣ್ಣ ಹೋದ ದಿನ ಅಮ್ಮ ಅಡುಗೆಮನೇಲಿ ಅಳ್ತಿದ್ಲು. ನಾನು ಈ ಬಾಗಿಲಲ್ಲಿ ನಿಂತು ಮೇಲೆ ನೋಡಿದೆ. ರಿಂಗು ಇರಲಿಲ್ಲ. ಅಣ್ಣ ಸರಳು ಎತ್ತಿ, ರಿಂಗು ತೆಗೆದು, ಸರಳನ್ನ ಮತ್ತೆ ಸರಿಯಾಗಿ ಇಟ್ಟಿದ್ದ. ಅಂಗಿ ಬಿಟ್ಟು ಹೋಗಿದ್ದ, ಕೈಗಡಿಯಾರ ಬಿಟ್ಟು ಹೋಗಿದ್ದ. ಅದನ್ನ ತಗೊಂಡಿದ್ದ."

ನಾನು ಏಣಿ ಹಿಡಿದುಕೊಂಡೆ. ಒಂದೇ ಸೂರಿನಡಿ ಮುದುಕರಾದೆವು, ಇದನ್ನು ನನಗೆ ಹೇಳಿರಲಿಲ್ಲ. ಅತ್ತೆಯೂ ಹೇಳಿರಲಿಲ್ಲ. ರಿಂಗು ಸರಳಿನಲ್ಲಿ ಉಳಿಯಿತು ಎಂಬಲ್ಲಿಗೆ ನನ್ನ ಪಾಲಿನ ಕಥೆ ಮುಗಿದಿತ್ತು. ಬೇಡವೆಂದು ಬಿಟ್ಟುಹೋದವರನ್ನು ಈ ಮನುಷ್ಯ ಸುಮ್ಮನೆ ಕಾಯುತ್ತಿದ್ದಾರೆ ಎಂದೇ ನಾನು ತಿಳಿದಿದ್ದು.

"ಅದಕ್ಕೇ ಚಿತ್ರದಲ್ಲಿ ಆರನೇ ಜಾಗ ಖಾಲಿ ಬಿಟ್ಟೆ ಮಗೂ" ಎಂದರು ಇವರು. "ಯಾರಿಗೆ ಗೊತ್ತಾಗಬೇಕೋ ಅವನೊಬ್ಬನಿಗೆ ಗೊತ್ತಾದ್ರೆ ಸಾಕಿತ್ತು."

ಹುಡುಗಿ ಕ್ಯಾಮೆರಾದವನ ಕಡೆ ತಿರುಗಿ, "ರಿಂಗ್ ಮುಟ್ಟಬೇಡಿ. ಅದು ಅಲ್ಲಾಡೋದು ನಿಲ್ಲೋವರೆಗೂ ಕ್ಯಾಮೆರಾ ಓಡ್ಲಿ" ಎಂದಳು. ನಮಗೆ ಏನೂ ಮಾತು ಕೊಡಲಿಲ್ಲ. ಸೇತುವೆಯ ದೃಶ್ಯ ಆಗಲೇ ತೆಗೆದಾಗಿತ್ತೆಂದು ಉಡುಪಿನ ಮೇಷ್ಟ್ರು ಹೊರಡುವಾಗ ಹೇಳಿದರು. ಅಣ್ಣನ ಪಾತ್ರದ ನಟ ತಣ್ಣೀರಲ್ಲಿ ನಿಂತು ನಿಂತು ನೆಗಡಿಯಾಗಿ ಮಲಗಿದ್ದನಂತೆ.

ಹಾಗಾಗಿ ಸಿನಿಮಾ ಬಂದ ದಿನ ನಾವು ಥಿಯೇಟರಿಗೆ ಹೋದದ್ದು ಹೆದರಿಕೊಂಡೇ. ಮಧ್ಯಾಹ್ನದ ಆಟ. ಸುತ್ತಲೂ ಮಕ್ಕಳು, ಹೆಗಲಿಗೆ ಟವಲು, ದುಪಟ್ಟಾ ಕಟ್ಟಿಕೊಂಡು. ಇವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಸಂಬಂಧ ನೋಡಲು ಬಂದವರ ಹಾಗೆ ನೆಟ್ಟಗೆ ಕೂತಿದ್ದರು.

ಚಿಕ್ಕಂದಿನ ಮನೆ ಬಂತು. ನನ್ನ ಪರದೆ ಬಂತು, ಸುಟ್ಟ ಗುರುತೂ ಕಂಡಿತು. ರಿಂಗು ಓಲಾಡಿ ಓಲಾಡಿ ನಿಂತಿತು. ಆಂಬುಲೆನ್ಸ್ ಬಂತು, ಕಳ್ಳರು ಬಂದರು, ಹಾರಾಟವೆಲ್ಲ ಆಯಿತು. ಆಮೇಲೆ ಸೇತುವೆ. ಇವರ ಕೈ ನನ್ನ ಮಣಿಕಟ್ಟಿನ ಮೇಲೆ ಬಿತ್ತು, ಬಳೆ ಒತ್ತಿ ನೋವಾಯಿತು. ಸೇತುವೆ ಕುಸಿಯಿತು. ಒಂದು ಕಡೆ ಬಸ್ಸು, ಒಂದು ಕಡೆ ಅಣ್ಣ, ನೀರಿನಲ್ಲಿ, ನಮಗೆ ಬೆನ್ನು. ಗಾಳಿವೀರ ಬಸ್ಸನ್ನು ಹಿಡಿದ. ತಿರುಗಿ ನೋಡಿದರೆ ನೀರಿನ ಮೇಲೆ ಯಾರೂ ಇಲ್ಲ. ಸತ್ತದ್ದನ್ನು ತೋರಿಸಲಿಲ್ಲ. ಆದರೆ ಗಾಳಿವೀರ ದಡದಲ್ಲಿ ಕುಸಿದು ಕೂತ. ಥಿಯೇಟರ್ ತುಂಬ ಮೂಗು ಒರೆಸುವ ಸದ್ದು. ಮುಗಿಯಿತು ಎಂದುಕೊಂಡೆ.

ಕೊನೆಯಲ್ಲಿ ಅವನು ಪಾಳುಬಿದ್ದ ಆ ಹಳೇ ಮನೆಗೆ ಹೋಗುತ್ತಾನೆ. ಮೈಯೆಲ್ಲ ಧೂಳು. ಎರಡು ಕೋಣೆಯ ನಡುವಿನ ಬಾಗಿಲಲ್ಲಿ ನಿಂತು ಕತ್ತೆತ್ತುತ್ತಾನೆ. ಸರಳಿನ ಮೇಲೆ ದಪ್ಪ ಧೂಳು, ಕೊಕ್ಕೆಯ ಆಚೆ ಒಂದು ಬೆರಳಗಲ ಮಾತ್ರ ಹೊಸದಾಗಿ ಒರೆಸಿದ ಹಾಗೆ ಹೊಳೆಯುತ್ತಿದೆ. ರಿಂಗು ಇಲ್ಲ. ಅಲ್ಲಿಗೆ ಸಿನಿಮಾ ಮುಗಿಯಿತು.

ಹಿಂದಿನ ಸಾಲಿನಲ್ಲಿ ಒಬ್ಬಳು ಪುಟ್ಟಿ ಗಟ್ಟಿಯಾಗಿ ಕೇಳಿದಳು: "ಅಪ್ಪಾ, ಹಾಗಾದ್ರೆ ಅಣ್ಣ ಬಂದಿದ್ನಾ?" ಅವಳಪ್ಪ, "ನಡಿ ನಡಿ, ಜನ ತಳ್ತಿದಾರೆ" ಎಂದ.

ಇವರು ಏಳಲಿಲ್ಲ. ದೀಪ ಹತ್ತಿದ ಮೇಲೂ ಬಿಳೀ ಪರದೆಯನ್ನು ನೋಡುತ್ತ ಕೂತಿದ್ದರು. "ಬದುಕಿದಾನೆ ಕಣೇ" ಎಂದರು. ನಾನು "ಹೂಂ" ಎಂದೆ. ಆ ನಿರ್ದೇಶಕಿ ತಾನು ಬೇಡವೆಂದ ಕಾಯುವಿಕೆಯನ್ನೇ ಮತ್ತೆ ಮಕ್ಕಳಿಗೆ ಕೊಟ್ಟಿದ್ದಳು. ಅದು ದಯೆಯೋ ಅಲ್ಲವೋ ನನಗೆ ಈಗಲೂ ಹೇಳಲಾಗದು.

ಹೊರಗೆ ಬಂದವರೇ ಇವರು ಥಿಯೇಟರಿನ ಬಾಗಿಲ ಪಕ್ಕ ಕಂಬಕ್ಕೆ ಒರಗಿ ನಿಂತರು. ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಾರೆಂದುಕೊಂಡೆ. ಅಲ್ಲ. ಹೊರಬರುವವರ ಮುಖ ನೋಡುತ್ತಿದ್ದರು. ಮುದುಕರು ಬಂದರೆ ಸ್ವಲ್ಪ ಹೆಚ್ಚು ಹೊತ್ತು ನೋಡುವರು. ಕೆಲವರು ಗಾಬರಿಯಾಗಿ ತಮ್ಮ ಜೇಬು ಮುಟ್ಟಿಕೊಂಡು ಹೋದರು.

ಜನ ಕರಗಿದರು. ಕಸ ಗುಡಿಸುವವಳು ಬಂದಳು. ಮುಂದಿನ ಆಟಕ್ಕೆ ಸಾಲು ಕಟ್ಟತೊಡಗಿತ್ತು.

"ಮನೆಗೆ ಹೋಗೋಣ್ವಾ?" ಎಂದರು ಇವರು. ನನ್ನ ಮಂಡಿಯನ್ನು ನೋಡಿ ಹೇಳಿದ ಮಾತು ಅದು, ಮನಸ್ಸಿನಿಂದ ಬಂದದ್ದಲ್ಲ.

ನಾನು ಸುತ್ತ ನೋಡಿದೆ. ಅಂಗಡಿ ನಡೆಸಿದವಳಿಗೆ ಮೊದಲು ಕಾಣುವುದು ಜನ ಎಲ್ಲಿಂದ ಒಳಗೆ ಬರುತ್ತಾರೆ, ಎಲ್ಲಿಂದ ಹೊರಗೆ ಹೋಗುತ್ತಾರೆ ಎಂಬುದು. ಥಿಯೇಟರಿಗೆ ಇದೊಂದೇ ಬಾಗಿಲಲ್ಲ. ಪಕ್ಕದ ಗಲ್ಲಿಗೆ ಇನ್ನೊಂದು ತೆರೆಯುತ್ತಿತ್ತು, ಅರ್ಧ ಜನ ಅಲ್ಲಿಂದಲೇ ಹೋಗಿದ್ದರು.

"ಆ ಕಡೆ ಇನ್ನೊಂದು ಬಾಗಿಲಿದೆ ರೀ" ಎಂದೆ.

ಇವರ ಮುಖ ಇಳಿಯಿತು. ಅದನ್ನು ಅವರು ಗಮನಿಸಿರಲಿಲ್ಲ.

"ಮುಂದಿನ ಆಟಕ್ಕೆ ನೀವು ಇಲ್ಲಿ ನಿಂತ್ಕೊಳ್ಳಿ. ನಾನು ಆ ಕಡೆ ನೋಡ್ಕೋತೀನಿ." ಚೀಲವನ್ನು ಇವರ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎರಡು ಹೆಜ್ಜೆ ಹೋದವಳು ತಿರುಗಿ ಬಂದೆ.

"ನಿಮ್ಮಣ್ಣ ನೋಡೋಕೆ ಹೇಗಿದ್ರು ರೀ?"

ಇವರು ನನ್ನನ್ನೇ ನೋಡಿದರು. ಹೇಳಲು ಶುರುಮಾಡಿದರು, ನಿಲ್ಲಿಸಿದರು, ಜೇಬು ತಡಕಿ ಪೆನ್ಸಿಲ್ ತೆಗೆದರು. ಟಿಕೆಟ್ಟಿನ ಹಿಂದೆ ಬರೆಯತೊಡಗಿದರು, ಮೊದಲು ಹಣೆ, ಆಮೇಲೆ ಹುಬ್ಬು, ಸ್ವಲ್ಪ ಸೊಟ್ಟಗಿನ ಮೂಗು. ನಾನು ಟಿಕೆಟ್ಟು ಅಲ್ಲಾಡದ ಹಾಗೆ ನನ್ನ ಅಂಗೈಯನ್ನು ಅಡಿಗೆ ಕೊಟ್ಟು ನಿಂತೆ.